ಕರಾವಳಿಯಿಂದ ಬಂದ ಹಳೆ ಬೋಟ್ ಇಂಜಿನ್ ರಿಪೇರಿ ಮಾಡಿಸ್ಬೇಕಾ ಬಿಡ್ಬೇಕಾ? ದುಡ್ಡು ಕೊಡೋಕೆ ಮುಂಚೆ ಹಿಂಗೆ ನೋಡ್ರಿ

ಹಳೆ ಔಟ್‌ಬೋರ್ಡ್ ಇಂಜಿನ್, ಅಂದ್ರೆ ದೋಣಿ ಹಿಂದೆ ತಗಲಿಸೋ ಇಂಜಿನ್, ನೋಡೋಕೆ ಹೋಗ್ತಾ ಇದ್ರೆ ಜೇಬಲ್ಲಿ ಒಂದು ದಬ್ಬಣ ಇಟ್ಕೊಂಡು ಹೋಗ್ರಿ. ಮೆಕ್ಕೆಜೋಳದ ಚೀಲ ಹೊಲಿಯೋಕೆ ಇಟ್ಕೊಂಡಿರ್ತೀವಲ್ಲ, ಅದೇ ದಬ್ಬಣ. ಜೊತೆಗೆ ಒಂದು ಟಾರ್ಚು, 8, 10, 12ರ ಬಾಕ್ಸ್ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಬೈಕ್ ಮೆಕ್ಯಾನಿಕ್ ಹತ್ರ ಕೇಳಿದ್ರೆ ಸಿಗೋ ಕಂಪ್ರೆಷನ್ ಗೇಜು. ಇಷ್ಟಿದ್ರೆ ಅರ್ಧ ಗಂಟೇಲಿ ಇಂಜಿನ್ ಹಣೆಬರಹ ಮುಕ್ಕಾಲು ಭಾಗ ಗೊತ್ತಾಗುತ್ತೆ.

ಚನ್ನಗಿರಿ ಹತ್ರದ ಸೂಳೆಕೆರೆ ಆಗ್ಲಿ ಹಿರಿಯೂರಿನ ಮಾರಿಕಣಿವೆ ಡ್ಯಾಮ್ ಆಗ್ಲಿ, ತೆಪ್ಪ ಬಿಟ್ಟು ಇಂಜಿನ್ ದೋಣಿ ಮಾಡ್ಕೊಳ್ಳೋಣ ಅಂತ ಹೊರಟೋರಿಗೆ ಕೈಗೆ ಎಟುಕೋ ರೇಟಲ್ಲಿ ಸಿಗೋದು ಕರಾವಳೀಲಿ ಹತ್ತು ಹದಿನೈದು ವರ್ಷ ಉಪ್ಪುನೀರು ಕುಡಿದಿರೋ ಸೆಕೆಂಡ್ ಹ್ಯಾಂಡ್ ಇಂಜಿನ್ನೇ. ನಮ್ಮ ಮಾವ ಚನ್ನಗಿರಿ ಕಡೆಯವರು, ಅವರಿಗೋಸ್ಕರ ನಾನು ಇಂಥ ಎರಡು ಇಂಜಿನ್ ಬಿಚ್ಚಿದ್ದೀನಿ, ಎರಡೂ 15 ಎಚ್‌ಪಿ, ಎರಡೂ ಟು ಸ್ಟ್ರೋಕ್, ಎರಡು ಸಿಲಿಂಡರಿನವು. ಮೊದಲನೇದು ನೋಡೋಕೆ ಹೊಸದರಂಗೆ ಮಿರಮಿರ ಮಿಂಚ್ತಿತ್ತು, ಮಾವ ಕೇಳಿದಷ್ಟು ದುಡ್ಡು ಕೊಟ್ಟು ಪಿಕಪ್‌ನಲ್ಲಿ ಆಗುಂಬೆ ಘಾಟಿ ಹತ್ತಿಸ್ಕೊಂಡು ಬಂದ್ರು, ಅದು ಪೂರ್ತಿ ಲಾಸ್ ಆಯ್ತು. ಎರಡನೇದು ಬಣ್ಣ ಎಲ್ಲಾ ಕಿತ್ತು ಸುಣ್ಣ ಬಳಿದಂಗೆ ಬೆಳ್ಳಗಾಗಿತ್ತು, ಯಾರೂ ಮುಟ್ಟಲ್ಲ ಅನ್ನೋ ತರ ಇತ್ತು, ಅದು ಇವತ್ತಿಗೂ ಓಡ್ತಾ ಐತೆ. ತುಕ್ಕು ಎಷ್ಟಿದೆ ಅನ್ನೋದಲ್ಲ ಲೆಕ್ಕ, ಎಲ್ಲಿದೆ ಅನ್ನೋದು ಲೆಕ್ಕ, ಅದನ್ನ ಒಳಗೆ ಇಣುಕಿ ನೋಡೋಕೆ ಮುಂಚೇನೇ ಹೇಳೋದು ಬೋಲ್ಟುಗಳು. ಇದನ್ನ ನಾನು ದುಡ್ಡು ಕಳ್ಕೊಂಡು ಕಲಿತೆ, ನೀವು ಹಂಗೆ ಕಲಿಯೋದು ಬೇಡ.

ಇದು ಕಬ್ಬಿಣದ ತುಕ್ಕಲ್ಲ

ನಮಗೆ ತುಕ್ಕು ಅಂದ್ರೆ ಕೆಂಪು. ಬೋಟ್ ಇಂಜಿನ್ನಿನ ಬಾಡಿ, ಬ್ಲಾಕು, ಕಾಲು, ಕೆಳಗಿನ ಗೇರ್ ಬಾಕ್ಸು ಎಲ್ಲಾ ಅಲ್ಯೂಮಿನಿಯಂ ಎರಕ, ಅದು ಕೊಳೆತ್ರೆ ಬರೋದು ಬಿಳಿ ಪುಡಿ. ಪೇಂಟ್ ಅಡಿ ಗುಳ್ಳೆ ಎದ್ದಿರುತ್ತೆ, ಉಗುರಲ್ಲಿ ಕೆರೆದ್ರೆ ಸುಣ್ಣದ ಪುಡಿ ಉದುರುತ್ತೆ. ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲು. ಅಲ್ಯೂಮಿನಿಯಂ, ಸ್ಟೀಲು ಎರಡೂ ತಾಗ್ಕೊಂಡು ಮಧ್ಯ ಉಪ್ಪುನೀರು ಸೇರ್ತು ಅಂದ್ರೆ ಅದೊಂದು ಸಣ್ಣ ಬ್ಯಾಟರಿ ಆದಂಗೆ, ಆ ಬ್ಯಾಟರೀಲಿ ಕರಗೋದು ಯಾವಾಗ್ಲೂ ಅಲ್ಯೂಮಿನಿಯಂ, ಬೋಲ್ಟ್ ಅಲ್ಲ. ಕರಗಿದ ಪುಡಿ ಉಬ್ಬಿ ಥ್ರೆಡ್ ಒಳಗೆ ಬೋಲ್ಟನ್ನ ಕಚ್ಚಿ ಹಿಡ್ಕೊಳ್ಳುತ್ತೆ. ಅದಕ್ಕೇ ಬೋಲ್ಟ್ ತಲೆ ಹೊಳಿತಾ ಇದ್ರೂ ಸ್ಪ್ಯಾನರ್ ಹಾಕಿದ ಕೂಡ್ಲೇ ಪಟ್ ಅಂತ ಮುರಿಯೋದು.

"ಈಗ ಸಿಹಿನೀರಲ್ಲಿ ಓಡಿಸ್ತೀವಲ್ಲ, ಇನ್ನೇನು ಆಗಲ್ಲ ಬಿಡು" ಅಂತ ನಮ್ಮ ಮಾವನೂ ಅಂದಿದ್ರು. ಆಗುತ್ತೆ. ಒಳಗೆ ನೀರು ಹೋಗೋ ದಾರೀಲಿ ಉಪ್ಪು ಗಟ್ಟಿಯಾಗಿ ಕೂತಿರುತ್ತೆ, ಒದ್ದೆ ಆದಾಗೆಲ್ಲ ಅದು ತನ್ನ ಕೆಲಸ ಮಾಡ್ತಾನೇ ಇರುತ್ತೆ.

ಮಾರೋರ ಮನೆ ಹತ್ರ ಮಾಡೋ ಕೆಲಸ

ಹೊಸ ಪೇಂಟ್ ಹೊಡೆದಿದ್ರೆ ಖುಷಿ ಪಡಬೇಡ್ರಿ. ಮೇಲಿನ ಮುಚ್ಚಳ ತೆಗೆಸಿ ಬಿಸಿಲಲ್ಲಿ ನೋಡ್ರಿ. ಮೊದಲು ಗೇರ್ ಬಾಕ್ಸ್ ಆಯಿಲ್. ಕೆಳಗಡೆ ಸ್ಕ್ರೂ ಸ್ವಲ್ಪ ಬಿಚ್ಚಿ ಎರಡು ಚಮಚ ಎಣ್ಣೆ ಬಿಳಿ ಕಾಗದದ ಮೇಲೆ ಬೀಳಿಸ್ಕೊಳ್ಳಿ. ಹಾಲು ಜಾಸ್ತಿ ಆದ ಕಾಫಿ ತರ ಇದ್ರೆ ಒಳಗೆ ನೀರು ಹೋಗಿದೆ ಅಂತ. ಬರೀ ಸೀಲ್ ಹೋಗಿದ್ರೆ ಅದು ದೊಡ್ಡ ಖರ್ಚಲ್ಲ, ಹೆದರಬೇಡ್ರಿ, ಆದ್ರೆ ನೀರು ಎಷ್ಟು ದಿನದಿಂದ ನಿಂತಿದೆಯೋ ಗೊತ್ತಿಲ್ಲ, ಬೇರಿಂಗ್ ತುಕ್ಕು ಹಿಡಿದಿರಬಹುದು. ಎಣ್ಣೇಲಿ ಮಿಣಮಿಣ ಕಬ್ಬಿಣದ ಚೂರು ಕಂಡ್ರೆ ಗೇರ್ ಸವೆದಿದೆ, ಅದು ಬೇರೇನೇ ಖರ್ಚು. ಸ್ಕ್ರೂ ಬಿಚ್ಚಿದಾಗ ಎಣ್ಣೆಗಿಂತ ಮುಂಚೆ ಬರೀ ನೀರೇ ಬಂತು ಅಂದ್ರೆ ಅಲ್ಲೇ ನಮಸ್ಕಾರ ಹೇಳಿ ಬರ್ರಿ.

ಆಮೇಲೆ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಹುಟ್ಟುತ್ತೆ ಅನ್ನೋದು. ಸಾಧ್ಯ ಆದ್ರೆ ಇಂಜಿನ್ ಸ್ವಲ್ಪ ಓಡಿಸಿ ಬಿಸಿ ಮಾಡಿ, ಎರಡೂ ಪ್ಲಗ್ ತೆಗೆದು, ಪ್ಲಗ್ ವೈರ್ ಎರಡನ್ನೂ ಇಂಜಿನ್ ಬಾಡೀಗೆ ತಾಗಿಸಿ ಅರ್ತಿಂಗ್ ಮಾಡಿ, ಥ್ರಾಟಲ್ ಪೂರ್ತಿ ತೆಗೆದು, ಗೇಜ್ ಹಾಕಿ ಹಗ್ಗ ನಾಲ್ಕೈದು ಸಲ ಜೋರಾಗಿ ಎಳೀರಿ. ನಂಬರ್ ಎಷ್ಟು ಬಂತು ಅನ್ನೋದಕ್ಕಿಂತ ಎರಡು ಸಿಲಿಂಡರಿಗೂ ಎಷ್ಟು ವ್ಯತ್ಯಾಸ ಅನ್ನೋದು ಮುಖ್ಯ, ಶೇಕಡಾ 10ರ ಒಳಗಿದ್ರೆ ಪರವಾಗಿಲ್ಲ. ನಮ್ಮ ಎರಡನೇ ಇಂಜಿನ್ ಒಂದರಲ್ಲಿ 110 ಪಿಎಸ್‌ಐ, ಇನ್ನೊಂದರಲ್ಲಿ 105 ತೋರಿಸ್ತು. ಪ್ಲಗ್ ತೆಗೆದಾಗ ತುದಿ ನೋಡೋದು ಮರೀಬೇಡ್ರಿ, ಒಂದು ಪ್ಲಗ್ ಕರ್ರಗೆ ಎಣ್ಣೆ ಎಣ್ಣೆ ಇದ್ದು ಇನ್ನೊಂದು ಮಾತ್ರ ನೀರಲ್ಲಿ ತೊಳೆದಂಗೆ ಕ್ಲೀನಾಗಿದ್ರೆ ಅಥವಾ ಕೆಂಪು ತುಕ್ಕು ಇದ್ರೆ, ಆ ಸಿಲಿಂಡರಿಗೆ ನೀರು ಇಳೀತಾ ಇದೆ ಅನ್ನೋ ಅನುಮಾನ ಇಟ್ಕೊಳ್ಳಿ.

ಇಂಜಿನ್ ಒಣಗಲಲ್ಲಿ ಸ್ಟಾರ್ಟ್ ಮಾಡಿ ತೋರಿಸ್ತೀನಿ ಅಂದ್ರೆ ಬೇಡ ಅನ್ರಿ. ನೀರು ಮೇಲಕ್ಕೆ ತಳ್ಳೋ ಇಂಪೆಲ್ಲರ್ ರಬ್ಬರಿಂದು, ನೀರಿಲ್ದೆ ಸ್ವಲ್ಪ ಹೊತ್ತು ತಿರುಗಿದ್ರೂ ಸುಟ್ಟು ಹೋಗುತ್ತೆ. 200 ಲೀಟರ್ ಡ್ರಮ್ಮಲ್ಲಿ ನೀರು ತುಂಬಿಸಿ ಕಾಲು ಮುಳುಗಿಸಿ ನ್ಯೂಟ್ರಲ್‌ನಲ್ಲಿ ಓಡಿಸ್ಲಿ. ಹಿಂದೆ ಒಂದು ಸಣ್ಣ ತೂತಿಂದ ನೀರಿನ ಧಾರೆ ಬರ್ಬೇಕು. ಧಾರೆ ಬಂದ್ರೆ ಪಂಪ್ ಕೆಲಸ ಮಾಡ್ತಿದೆ ಅಂತ ಅಷ್ಟೇ, ಒಳಗಿನ ದಾರಿ ಎಲ್ಲಾ ತೆರೆದಿದೆ ಅಂತಲ್ಲ. ನಾನು ಮೊದಲನೇ ಇಂಜಿನ್ನಲ್ಲಿ ಆ ಧಾರೆ ನೋಡಿಯೇ ಮೋಸ ಹೋದೆ.

ಇಂಜಿನ್ ಸೀಮೆಎಣ್ಣೆದಾ ಪೆಟ್ರೋಲಿಂದಾ ಅಂತ ಕೇಳಿ. ಕರಾವಳಿ ನಾಡದೋಣಿಗಳಲ್ಲಿ ಸೀಮೆಎಣ್ಣೆ ಇಂಜಿನ್ ಜಾಸ್ತಿ, ಅವು ಪೆಟ್ರೋಲಲ್ಲಿ ಸ್ಟಾರ್ಟ್ ಆಗಿ ಆಮೇಲೆ ಸೀಮೆಎಣ್ಣೆಗೆ ತಿರುಗೋವು. ಮೀನುಗಾರರಿಗೆ ಸಬ್ಸಿಡೀಲಿ ಸಿಗೋ ಸೀಮೆಎಣ್ಣೆ ನಮಗೆ ಇಲ್ಲಿ ಸಿಗಲ್ಲ.

ದಬ್ಬಣ ಚುಚ್ಚೋ ಜಾಗಗಳು

ಬಿಳಿ ಪುಡಿ ಇರೋ ಕಡೆ ದಬ್ಬಣದ ತುದಿ ಇಟ್ಟು ಹೆಬ್ಬೆರಳಲ್ಲಿ ಒತ್ರಿ. ಪುಡಿ ಉದುರಿ ಅಡೀಲಿ ಗಟ್ಟಿ ಲೋಹಕ್ಕೆ ಟಕ್ ಅಂತ ತಾಗಿದ್ರೆ ಅದು ಚರ್ಮದ ಮೇಲಿನ ಗಾಯ. ಹಳೆ ಗೋಡೆ ಗಾರೆಗೆ ಚುಚ್ಚಿದಂಗೆ ಮೆತ್ತಗೆ ಒಳಗೆ ಹೋಗ್ತಾನೇ ಇದ್ರೆ ಅದು ಮೂಳೆವರೆಗೂ ಹೋಗಿದೆ.

ಇಂಜಿನ್ ದೋಣಿಗೆ ಕಚ್ಕೊಳ್ಳೋ ಬ್ರಾಕೆಟ್ ಬುಡ, ಅದರ ಕ್ಲ್ಯಾಂಪ್ ಸ್ಕ್ರೂ ಸುತ್ತ ಚುಚ್ಚಿ ನೋಡ್ರಿ. ಇಲ್ಲಿ ಮೆತ್ತಗಿದ್ರೆ ವೆಲ್ಡಿಂಗ್ ಗಿಲ್ಡಿಂಗ್ ಮಾತೇ ಬೇಡ, ಇಂಜಿನ್ ಭಾರ, ಅದರ ತಳ್ಳು ಎಲ್ಲಾ ಬೀಳೋದು ಇದರ ಮೇಲೇನೇ, ಮಾರಿಕಣಿವೆಲಿ ಗಾಳಿ ಎದ್ದಾಗ ಮಧ್ಯ ನೀರಲ್ಲಿ ಬ್ರಾಕೆಟ್ ಮುರಿದ್ರೆ ಇಂಜಿನ್ ಒಂದೇ ಅಲ್ಲ ಹೋಗೋದು. ಬೇರೆ ಬ್ರಾಕೆಟ್ ಸಿಕ್ರೆ ಹಾಕಿ, ಇಲ್ಲಾಂದ್ರೆ ಬಿಡಿ. ಪ್ರೊಪೆಲ್ಲರ್ ಹಿಂದೆ ಬೇರಿಂಗ್ ಕೂರೋ ಜಾಗ ನೋಡ್ರಿ, ಅದು ತಿಂದು ಹೋಗಿದ್ರೆ ಎಷ್ಟು ಹೊಸ ಸೀಲ್ ಹಾಕಿದ್ರೂ ನೀರು ಒಳಗೆ ಬರುತ್ತೆ. ಗೇರ್ ಬಾಕ್ಸ್ ಮೇಲಿನ ರೆಕ್ಕೆ ಅಂಚು ಕೊರೆದು ಹೋಗಿರೋದು, ಕಾಲಿನ ಹೊರಮೈ ಗುಳ್ಳೆ, ಇವೆಲ್ಲಾ ನೋಡೋಕೆ ಭಯಂಕರ, ಕೆಲಸಕ್ಕೆ ಏನೂ ತೊಂದ್ರೆ ಇಲ್ಲ.

ಸತುವಿನ ಬಿಲ್ಲೆ ಇದೆಯಾ ನೋಡ್ರಿ. ಕೆಳಗೆ ಗೇರ್ ಬಾಕ್ಸ್ ಮೇಲೆ ಒಂದು, ಬ್ರಾಕೆಟ್ ಹತ್ರ ಒಂದು ಸಾಮಾನ್ಯವಾಗಿ ಇರುತ್ತೆ, ಆನೋಡ್ ಅಂತಾರೆ. ಅಲ್ಯೂಮಿನಿಯಂ ಕರಗೋ ಬದಲು ತಾನು ಕರಗಲಿ ಅಂತಾನೇ ಅದನ್ನ ಇಟ್ಟಿರೋದು. ಅರ್ಧ ಕರಗಿದ್ರೆ ಒಳ್ಳೇ ಲಕ್ಷಣ, ಯಾರೋ ನಿಗಾ ಇಟ್ಟಿದ್ರು ಅಂತ. ಅದರ ಮೇಲೂ ಪೇಂಟ್ ಹೊಡೆದಿದ್ರೆ ಆ ಬಿಲ್ಲೆ ಇದ್ದೂ ಇಲ್ಲದಂಗೆ, ಅಷ್ಟೂ ವರ್ಷ ಇಂಜಿನ್ನೇ ಕರಗಿದೆ. ನಮ್ಮ ಮೊದಲನೇ ಇಂಜಿನ್ನಲ್ಲಿ ಹಂಗೇ ಆಗಿತ್ತು, ನೀಲಿ ಪೇಂಟ್ ಅಡಿ ಬಿಲ್ಲೆ ಹೊಸದರಂಗೇ ಇತ್ತು.

ಬೋಲ್ಟ್ ಕೇಳೋದು

ಇದು ಅಸಲಿ ಪರೀಕ್ಷೆ, ಮಾರೋರು ಒಪ್ಪಿದ್ರೆ ಅಲ್ಲೇ ಮಾಡ್ರಿ, ಒಪ್ಪದೇ ಇದ್ರೆ ಆ ರೇಟಿಗೆ ತಗೋಬೇಡ್ರಿ. ಯಾವ ಬೋಲ್ಟ್ ಮೊದಲು ಅನ್ನೋದರಲ್ಲೇ ಎಲ್ಲಾ ಇದೆ. ಮೊದಲು ಆನೋಡ್ ಬೋಲ್ಟು. ಅದು ಬಂದ್ರೆ ಥರ್ಮೋಸ್ಟಾಟ್ ಮುಚ್ಚಳದ ಬೋಲ್ಟು, ಸಿಲಿಂಡರ್ ಹೆಡ್ ಮೇಲೋ ಪಕ್ಕಕ್ಕೋ ಸಣ್ಣ ಮುಚ್ಚಳ ಇರುತ್ತೆ ನೋಡಿ ಅದು. ಅದೂ ಬಂದ್ರೆ ಗೇರ್ ಬಾಕ್ಸ್ ಕಾಲಿಗೆ ಕೂಡೋ ಬೋಲ್ಟು. ಬ್ಲಾಕ್ ಪಕ್ಕದಲ್ಲಿ ಉದ್ದಕ್ಕೆ ಪ್ಲೇಟ್ ತರ ಇರೋ ಎಕ್ಸಾಸ್ಟ್ ಕವರ್ ಬೋಲ್ಟ್ ಮಾತ್ರ ಮೊದಲು ಮುಟ್ಲೇಬೇಡ್ರಿ. ಒಂದು ಕಡೆ ಹೊಗೆಯ ಬಿಸಿ, ಇನ್ನೊಂದು ಕಡೆ ಉಪ್ಪುನೀರು, ಮಧ್ಯ 6 ಎಂಎಂ ಬೋಲ್ಟು, ಇಡೀ ಇಂಜಿನ್ನಲ್ಲಿ ಜಾಸ್ತಿ ಕಚ್ಕೊಂಡಿರೋದು ಅಲ್ಲೇ. ನಾನು ಮೊದಲನೇ ಇಂಜಿನ್ನಲ್ಲಿ ಆತುರಕ್ಕೆ ಅಲ್ಲಿಂದ್ಲೇ ಶುರು ಮಾಡಿ ಮೂರು ಬೋಲ್ಟ್ ಮುರಿದೆ, ಕವರ್ ಎದ್ದಾಗ ಒಳಗಿನ ಗೋಡೇಲಿ ಹುಣಸೆ ಬೀಜದಷ್ಟು ತೂತು, ನೀರಿನ ದಾರಿಗೂ ಹೊಗೆ ದಾರಿಗೂ ಮಧ್ಯ ಗೋಡೇನೇ ಇಲ್ಲ.

ಥರ್ಮೋಸ್ಟಾಟ್ ಮುಚ್ಚಳ ಎದ್ರೆ ಅದೇ ನಿಮಗೆ ಕಿಟಕಿ. ಟಾರ್ಚ್ ಹಾಕಿ ಒಳಗೆ ನೋಡ್ರಿ. ಬೂದಿ ಬಣ್ಣದ ತೆಳ್ಳನೆ ಪದರ ಇದ್ದು, ಮುಚ್ಚಳ ಕೂರೋ ಅಂಚು ಸಪಾಟಾಗಿದ್ರೆ ಧೈರ್ಯವಾಗಿ ಮುಂದುವರೀರಿ. ಕಲ್ಲುಪ್ಪಿನ ತರ ಗಟ್ಟಿ ಕಟ್ಟಿದ್ರೂ ತೊಂದ್ರೆ ಇಲ್ಲ, ಅದನ್ನ ತೆಗೀಬಹುದು. ಅಂಚೇ ಗೆದ್ದಲು ತಿಂದ ಬಾಗಿಲಿನ ತರ ಆಗಿದ್ರೆ ಒಳಗೂ ಹಂಗೇ ಇರುತ್ತೆ ಅಂತ ಇಟ್ಕೊಳ್ಳಿ. ನಮ್ಮ ಎರಡನೇ ಇಂಜಿನ್ನಲ್ಲಿ ಆ ನಾಲ್ಕು ಬೋಲ್ಟು ಬೆಣ್ಣೆಯಿಂದ ಕೂದಲು ತೆಗೆದಂಗೆ ಬಂದ್ವು, ಥ್ರೆಡ್ಡಿಗೆ ಹಳೆ ಗ್ರೀಸ್ ಅಂಟಿತ್ತು. ಯಾರೋ ಪುಣ್ಯಾತ್ಮ ಹಿಂದೆ ಒಂದ್ಸಲ ಬಿಚ್ಚಿ ಗ್ರೀಸ್ ಹಚ್ಚಿ ಕೂರಿಸಿದ್ದ. ಮಾವನಿಗೆ ಅಲ್ಲೇ ಹೇಳಿದೆ, ಇದನ್ನ ಬಿಡಬೇಡಿ ಅಂತ.

ಲೆಕ್ಕ ಹಾಕೋದು

ನಮ್ಮಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಫ್ಯಾಕ್ಟರೀಲಿ ಕೆಲಸ ಮಾಡಿದವರು, ಮುರಿದಿದ್ದು ಏನೇ ತಗೊಂಡು ಹೋದ್ರೂ ಅವರು ಕೇಳೋದು ಒಂದೇ, "ಗೋಡೆ ಎಷ್ಟು ದಪ್ಪ ಉಳಿದಿದೆ ಹೇಳು, ಆಮೇಲೆ ವೆಲ್ಡಿಂಗ್ ಮಾತು". ಪ್ಯಾಕಿಂಗ್ ಕೂರೋ ಮುಖ ಸ್ವಲ್ಪ ತಿಂದಿದ್ರೆ, ಹಿಂದೆ ಗೋಡೆ ದಪ್ಪ ಇದ್ರೆ, ಆರ್ಗಾನ್ ವೆಲ್ಡಿಂಗಲ್ಲಿ ತುಂಬಿಸಿ ಮುಖ ಸಪಾಟು ಮಾಡಿಸಬಹುದು, ಆದ್ರೆ ಉಪ್ಪು ಕುಡಿದ ಅಲ್ಯೂಮಿನಿಯಂ ವೆಲ್ಡ್ ಹಿಡಿಯೋದು ಕಷ್ಟ, ಗುಳ್ಳೆ ಗುಳ್ಳೆ ಬರುತ್ತೆ, ಬಿಸಿಗೆ ಎರಕ ಸೊಟ್ಟ ಆಗುತ್ತೆ, ಅದಕ್ಕೆ ಅಲ್ಯೂಮಿನಿಯಂ ಕೆಲಸ ದಿನಾ ಮಾಡೋರ ಹತ್ರಾನೇ ಕೊಡ್ರಿ. ನೀರಿನ ದಾರಿಗೂ ಸಿಲಿಂಡರಿಗೂ ಮಧ್ಯ, ಅಥವಾ ನೀರಿಗೂ ಎಕ್ಸಾಸ್ಟಿಗೂ ಮಧ್ಯ ತೂತು ಬಿದ್ದಿದ್ರೆ ನನ್ನ ಮಟ್ಟಿಗೆ ಅದು ಮುಗಿದ ಕಥೆ. ಎಪಾಕ್ಸಿ ಅಂಟು ಹಾಕಿ ಮುಚ್ತೀನಿ ಅನ್ನೋರು ಸಿಗ್ತಾರೆ, ಅಲ್ಲಿನ ಬಿಸಿಗೆ ಅದು ನಿಲ್ಲಲ್ಲ.

ದುಡ್ಡಿನ ಲೆಕ್ಕಕ್ಕೆ ನಾನು ಇಟ್ಕೊಂಡಿರೋ ಅಳತೆ ಇಷ್ಟು. ಇಂಜಿನ್ ರೇಟು, ಸಾಗಿಸೋ ಬಾಡಿಗೆ, ಇಂಪೆಲ್ಲರ್, ಪ್ಯಾಕಿಂಗ್ ಸೆಟ್, ಸೀಲು, ಆನೋಡು, ಲೇತ್ ಕೆಲಸ ಎಲ್ಲಾ ಬರೀರಿ, ಮುರೀಬಹುದಾದ ಬೋಲ್ಟಿಗೆ ಅಂತ ಲೇತ್ ಖರ್ಚು ಇನ್ನೊಂದು ಸಲ ಸೇರಿಸ್ರಿ. ಅದೇ ಎಚ್‌ಪಿಯ ಓಡ್ತಾ ಇರೋ ಒಳ್ಳೇ ಸೆಕೆಂಡ್ ಹ್ಯಾಂಡ್ ಇಂಜಿನ್ ರೇಟಿನ ಅರ್ಧ ದಾಟಿದ್ರೆ ಬಿಟ್ಟುಬಿಡ್ರಿ. ಇನ್ನೊಂದು, ಆ ಮಾಡೆಲಿಗೆ ಇಂಪೆಲ್ಲರ್, ಪ್ಯಾಕಿಂಗ್ ಸಿಗುತ್ತಾ ಅಂತ ಮಂಗಳೂರು ಉಡುಪಿ ಕಡೆ ಅಂಗಡಿಗೆ ಒಂದು ಫೋನ್ ಮಾಡಿ, ಸಿಗಲ್ಲ ಅಂದ್ರೆ ಇಂಜಿನ್ ಎಷ್ಟು ಚೆನ್ನಾಗಿದ್ರೂ ಪ್ರಯೋಜನ ಇಲ್ಲ.

ಈಗಾಗ್ಲೇ ತಗೊಂಡು ಮೋಸ ಹೋಗಿದ್ರೆ ಗುಜರಿಗೆ ಕೆಜಿ ಲೆಕ್ಕದಲ್ಲಿ ಹಾಕಬೇಡ್ರಿ. ಪ್ರೊಪೆಲ್ಲರ್, ಕಾರ್ಬುರೇಟರ್, ಪ್ಲಗ್ಗಿಗೆ ಕಿಡಿ ಕೊಡೋ ಸಿಡಿಐ ಯೂನಿಟ್, ಕಾಯಿಲ್, ಗೇರ್ ಸೆಟ್, ಮೇಲಿನ ಮುಚ್ಚಳ ಇವೆಲ್ಲಾ ಬಿಡಿಬಿಡಿಯಾಗಿ ಕರಾವಳೀಲಿ ತಗೊಳ್ತಾರೆ. ನಮ್ಮ ಮೊದಲನೇದರ ಗೇರ್ ಸೆಟ್, ಕಾರ್ಬುರೇಟರ್ ಎತ್ತಿಟ್ಟಿದ್ದೀವಿ, ಎರಡೂ ಒಂದೇ ಮಾಡೆಲ್ ಆಗಿದ್ದಕ್ಕೆ ಅದೊಂದು ಸಮಾಧಾನ.

ಮಾಡೋಣ ಅಂತ ತೀರ್ಮಾನ ಆದ್ಮೇಲೆ

ಬಿಚ್ಚೋಕೆ ಮುಂಚೆ ಡ್ರಮ್ಮಲ್ಲಿ ಸಿಹಿನೀರು ಹಾಕಿ 15-20 ನಿಮಿಷ ಓಡಿಸಿ, ನೀರು ಚೆಲ್ಲಿ, ಮತ್ತೆ ಹೊಸ ನೀರು ಹಾಕಿ ಓಡಿಸಿ, ಹಿಂಗೆ ಮೂರ್ನಾಲ್ಕು ಸಲ. ಉಪ್ಪು ನೀರಲ್ಲೇ ಕರಗೋದು, ಅದಕ್ಕೆ ಟೈಮ್ ಕೊಡ್ಬೇಕು ಅಷ್ಟೇ. ಬಾತ್‌ರೂಮ್ ತೊಳೆಯೋ ಆಸಿಡ್ ಹಾಕಿದ್ರೆ ಬೇಗ ಆಗುತ್ತೆ ಅಂತಾರೆ, ದಯವಿಟ್ಟು ಹಾಕಬೇಡ್ರಿ, ಅದು ಅಲ್ಯೂಮಿನಿಯಂನೇ ತಿನ್ನುತ್ತೆ. ಕಾಸ್ಟಿಕ್ ಸೋಡಾನೂ ಅಷ್ಟೇ.

ಬೋಲ್ಟಿಗೆ ರಸ್ಟ್ ಆಯಿಲ್ ಬಿಟ್ಟು ಎರಡು ಮೂರು ದಿನ ಸುಮ್ಮನಿರಿ. ದಿನಾ ಬೆಳಗ್ಗೆ ಸಂಜೆ ಬೋಲ್ಟ್ ತಲೆ ಮೇಲೆ ಸಣ್ಣ ಸುತ್ತಿಗೇಲಿ ನಾಲ್ಕು ಏಟು ಮೆಲ್ಲಗೆ ತಟ್ರಿ, ಎಣ್ಣೆ ಒಳಗೆ ಇಳಿಯುತ್ತೆ. ಬಿಚ್ಚುವಾಗ ಮೊದಲು ಟೈಟ್ ಕಡೆಗೆ ಒಂಚೂರು, ಆಮೇಲೆ ಲೂಸ್ ಕಡೆಗೆ, ಕಾಲು ಸುತ್ತು ಬಂದ್ರೆ ಮತ್ತೆ ವಾಪಸ್, ಮತ್ತೆ ಎಣ್ಣೆ. ಜಗ್ಗದೇ ಇದ್ರೆ ಕಾಯಿಸ್ಬೇಕು, ಅದಕ್ಕೆ ಮುಂಚೆ ಪೆಟ್ರೋಲ್ ಟ್ಯಾಂಕು ಪೈಪು ಎಲ್ಲಾ ತೆಗೆದು ದೂರ ಇಡ್ರಿ. ಕಾಯಿಸೋದು ಬೋಲ್ಟನ್ನಲ್ಲ, ಬೋಲ್ಟ್ ಸುತ್ತಲಿನ ಅಲ್ಯೂಮಿನಿಯಂನ, ಯಾಕಂದ್ರೆ ಅದು ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತೆ, ತೂತು ದೊಡ್ಡದಾಗಿ ಬೋಲ್ಟ್ ಸಡಿಲ ಆಗುತ್ತೆ. ಗ್ಯಾಸ್ ಟಾರ್ಚ್ ಸಾಕು. ಕಬ್ಬಿಣ ಆದ್ರೆ ಕೆಂಪಗಾಗಿ ನಮಗೆ ಎಚ್ಚರಿಕೆ ಕೊಡುತ್ತೆ, ಅಲ್ಯೂಮಿನಿಯಂ ಕೊಡಲ್ಲ, ಬಣ್ಣ ಬದಲಾಗದೇನೇ ಕುಸಿದು ಬೀಳುತ್ತೆ, ಶುದ್ಧ ಅಲ್ಯೂಮಿನಿಯಂ 660 ಡಿಗ್ರೀಲಿ ಕರಗಿದ್ರೆ ಈ ಎರಕದ ಮಿಶ್ರಣ ಇನ್ನೂ ಮುಂಚೇನೇ ಕರಗುತ್ತೆ. ಸ್ವಲ್ಪ ಕಾಯಿಸಿ, ತಿರುಗಿಸಿ ನೋಡಿ, ಮತ್ತೆ ಕಾಯಿಸಿ.

ಮುರಿದೇ ಹೋಯ್ತು ಅಂದ್ರೆ ಕೈ ಡ್ರಿಲ್ಲಲ್ಲಿ ಶುರು ಹಚ್ಕೋಬೇಡ್ರಿ. ಸ್ಟೀಲ್ ಗಟ್ಟಿ, ಅಲ್ಯೂಮಿನಿಯಂ ಮೆತ್ತಗೆ, ಬಿಟ್ ಪಕ್ಕಕ್ಕೆ ಜಾರಿ ಬಾಡೀನೇ ಕೊರೆಯುತ್ತೆ. ಮುರಿದ ತುಂಡು ಒಂಚೂರು ಹೊರಗಿದ್ರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ ಬಿಸಿ ಇರುವಾಗ್ಲೇ ತಿರುಗಿಸೋದು ಒಳ್ಳೇ ದಾರಿ. ಒಳಗೇ ಉಳಿದಿದ್ರೆ ಲೇತ್ ಶಾಪಿಗೆ ಕೊಟ್ಟು ಮಿಲ್ಲಿಂಗ್ ಮಷಿನಲ್ಲಿ ನೆಟ್ಟಗೆ ಕೊರೆಸಿ ಹೆಲಿಕಾಯಿಲ್, ಅಂದ್ರೆ ಸ್ಪ್ರಿಂಗ್ ತರದ ಸ್ಟೀಲ್ ಥ್ರೆಡ್, ಹಾಕಿಸ್ರಿ, ದಾವಣಗೆರೆ ಹರಿಹರದಲ್ಲಿ ಈ ಕೆಲಸ ಬಲ್ಲೋರಿಗೆ ಬರ ಇಲ್ಲ. ಹೆಲಿಕಾಯಿಲ್ ಹಾಕಿದ ತೂತು ಹಳೆ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ ಇರುತ್ತೆ.

ವಾಪಸ್ ಜೋಡಿಸುವಾಗ ಪ್ರತಿ ಬೋಲ್ಟಿಗೂ ಮರೈನ್ ಗ್ರೀಸ್. ಅಂಗಡೀಲಿ ಗ್ರಾಫೈಟ್ ಗ್ರೀಸ್ ಕೊಟ್ರೆ ತರಬೇಡ್ರಿ, ಗ್ರಾಫೈಟ್ ಅಲ್ಯೂಮಿನಿಯಂ ಜೊತೆ ಸೇರಿದ್ರೆ ಅದೇ ಬ್ಯಾಟರಿ ಕಥೆ ಇನ್ನೂ ಜೋರಾಗುತ್ತೆ. ಹೊರಮೈ ಕೆರೆಯೋಕೆ ಉಪ್ಪುಕಾಗದ ಅಥವಾ ನೈಲಾನ್ ಬ್ರಷ್, ಕಬ್ಬಿಣದ ತಂತಿ ಬ್ರಷ್ ಬೇಡ, ಕಬ್ಬಿಣದ ಚೂರು ಮೆತ್ತಗಿನ ಲೋಹದಲ್ಲಿ ಕೂತು ಅಲ್ಲಿಂದ ಮತ್ತೆ ಶುರುವಾಗುತ್ತೆ. ಗೇಟಿಗೆ ಹೊಡೆಯೋ ರೆಡ್ ಆಕ್ಸೈಡ್ ಇದಕ್ಕೆ ಹಿಡಿಯಲ್ಲ, ಅಲ್ಯೂಮಿನಿಯಂಗೆ ಅಂತಾನೇ ಎಚ್ ಪ್ರೈಮರ್ (etch primer) ಸಿಗುತ್ತೆ, ಅದು ಹೊಡೆದು ಆಮೇಲೆ ಪೇಂಟು.

ಆನೋಡ್ ವಿಷಯ ನಮ್ಮ ಕಡೆಯವರು ಬಿಟ್ಟೇಬಿಡ್ತಾರೆ. ಸಮುದ್ರಕ್ಕೆ ಹಾಕಿದ ಸತುವಿನ ಬಿಲ್ಲೆ ಸಿಹಿನೀರಲ್ಲಿ ಮೇಲೆ ಪದರ ಕಟ್ಕೊಂಡು ಸುಮ್ಮನೆ ಕೂತುಬಿಡುತ್ತೆ, ಕೆಲಸ ಮಾಡಲ್ಲ. ಬರೀ ಕೆರೆ, ಹೊಳೇಲಿ ಓಡಿಸೋದಾದ್ರೆ ಮೆಗ್ನೀಷಿಯಂದು ಹಾಕ್ರಿ, ಸಿಗದಿದ್ರೆ ಅಲ್ಯೂಮಿನಿಯಂ ಮಿಶ್ರಣದ್ದು, ಅದು ಎರಡೂ ನೀರಿಗೆ ಆಗುತ್ತೆ. ಕೂರಿಸೋ ಜಾಗ ಲೋಹ ಕಾಣೋವರೆಗೂ ಉಜ್ಜಿ ಕೂರಿಸ್ರಿ, ಮೇಲೆ ಪೇಂಟ್ ಹೊಡೀಬೇಡ್ರಿ, ಅರ್ಧ ಕರಗಿದ ಕೂಡ್ಲೇ ಬದಲಾಯಿಸ್ರಿ.

ಇಂಪೆಲ್ಲರ್ ಹೊಸದೇ ಹಾಕಿ. ಸೂಳೆಕೆರೇಲಿ ಹೂಳು ಜಾಸ್ತಿ, ದಡದ ಹತ್ರ ಕಮ್ಮಿ ನೀರಲ್ಲಿ ಓಡಿಸಿದ್ರೆ ಕೆಸರು ಎಳ್ಕೊಂಡು ರಬ್ಬರ್ ಬೇಗ ಸವೆಯುತ್ತೆ, ಆಳಕ್ಕೆ ಹೋಗೋವರೆಗೂ ಹುಟ್ಟು ಹಾಕೋದೇ ಒಳ್ಳೇದು. ಓಡಿಸಿ ಬಂದ್ಮೇಲೆ ಇಂಜಿನ್ ನೆಟ್ಟಗೆ ನಿಲ್ಲಿಸಿ, ಒಳಗಿನ ನೀರು ಇಳಿದು ಹೋಗ್ಲಿ. ವಾರಗಟ್ಟಲೆ ಓಡಿಸಲ್ಲ ಅಂದ್ರೆ ಕಾರ್ಬುರೇಟರಿನ ಪೆಟ್ರೋಲ್ ಖಾಲಿ ಮಾಡಿ ಇಡ್ರಿ, ಈಗಿನ ಪೆಟ್ರೋಲಲ್ಲಿ ಶೇಕಡಾ 20 ಎಥನಾಲ್ ಇರೋದ್ರಿಂದ ಗಾಳಿಯ ತೇವ ಎಳ್ಕೊಳ್ಳುತ್ತೆ, ಬಟ್ಟಲಲ್ಲಿ ಮತ್ತೆ ಅದೇ ಬಿಳಿ ಪುಡಿ.

ಇಂಜಿನ್ ದೋಣಿ ಬಿಡೋಕೆ ಅನುಮತಿ ಬೇಕಾ ಅಂತ ನೀರಾವರಿ, ಮೀನುಗಾರಿಕೆ ಇಲಾಖೆ ಎರಡೂ ಕಡೆ ಮೊದಲೇ ಕೇಳ್ಕೊಳ್ಳಿ. ರಿಪೇರಿ ಆದ ಇಂಜಿನ್ ಮೊದಲ ಹತ್ತು ಸಲ ದಡ ಕಾಣೋಷ್ಟು ದೂರದಲ್ಲೇ ಓಡಿಸಿ, ಹುಟ್ಟು, ಲೈಫ್ ಜಾಕೆಟ್ ದೋಣೀಲಿ ಇರ್ಲೇಬೇಕು.

ಡ್ರಮ್ಮಲ್ಲಿ ಓಡಿಸಿದ ನೀರಲ್ಲಿ ಟು ಸ್ಟ್ರೋಕ್ ಎಣ್ಣೆ ತೇಲ್ತಾ ಇರುತ್ತೆ, ಅದನ್ನ ಕೆರೆ ಕಡೆ ಹರಿಸಬೇಡ್ರಿ. ಸೂಳೆಕೆರೆ ನೀರು ಚಿತ್ರದುರ್ಗದವರೆಗೂ ಕುಡಿಯೋಕೆ ಹೋಗುತ್ತೆ. ನಾವು ಮೇಲಿನ ಎಣ್ಣೆ ಪದರಾನ ಹಳೆ ಗೋಣಿಚೀಲದಲ್ಲಿ ಹೀರಿಸಿ ತೆಗೆದು ಬೇರೆ ಇಟ್ಟು, ಉಳಿದ ನೀರನ್ನ ಕೆರೆಯಿಂದ ದೂರ, ಬಾವಿ ಬೋರ್‌ವೆಲ್ ಇಲ್ಲದ ಗಟ್ಟಿ ಜಾಗದಲ್ಲಿ ಚೆಲ್ಲಿದ್ವಿ, ಗೇರ್ ಬಾಕ್ಸಿಂದ ಇಳಿಸಿದ ಎಣ್ಣೇನ ಕ್ಯಾನಿಗೆ ತುಂಬಿ ಹಳೆ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಟ್ವಿ.